ಮುಕ್ಕಾಲಿಗಳು ಬಿದ್ದ ಮೇಲೆ

ಲೋಕ ಮುಳುಗಿದ ಮೇಲಿನ ಕಥೆ ಬರೆಯುವವರಿಗೆ ಮೊದಲ ಪುಸ್ತಕದಲ್ಲಿ ಒಂದು ಅನುಕೂಲವಿರುತ್ತದೆ. ಉಳಿದವರು ನಾಲ್ಕೈದು ಜನ. ಅವರಿಗೆ ಬೇಕಾದ್ದು ಅನ್ನ, ನೀರು, ತಲೆಮರೆಸಿಕೊಳ್ಳಲು ಒಂದು ಜಾಗ. ಶತ್ರು ಯಾರೆಂಬುದೂ ಗೊತ್ತಿರುತ್ತದೆ. ಓದುವವರು ಈ ಮಕ್ಕಳು ಬದುಕಲಿ ಎಂದು ಹಾರೈಸಿದರೆ ಸಾಕು. ಇಕ್ಕಟ್ಟು ಶುರುವಾಗುವುದು ಮುಂದಿನ ಭಾಗದಲ್ಲಿ. ಜೀವ ಉಳಿಸಿಕೊಂಡದ್ದಾಯಿತು, ಇನ್ನು ಒಟ್ಟಿಗೆ ಬಾಳುವುದು ಹೇಗೆ? ಈ ಪ್ರಶ್ನೆಯನ್ನು ಹದಿಹರೆಯದ ಓದುಗರ ಮುಂದೆ ಮುಚ್ಚುಮರೆಯಿಲ್ಲದೆ ಇಟ್ಟವರಲ್ಲಿ ಮೊದಲಿಗರ ಸಾಲಿಗೆ ಸೇರುವವರು ಇಂಗ್ಲೆಂಡಿನ ಜಾನ್ ಕ್ರಿಸ್ಟೋಫರ್. ಅವರ 'ಟ್ರೈಪಾಡ್ಸ್' ಕಾದಂಬರಿಗಳು ಬಂದು ಅರ್ಧ ಶತಮಾನಕ್ಕೂ ಹೆಚ್ಚು ಕಾಲವಾಗಿದೆ.

ಜಾನ್ ಕ್ರಿಸ್ಟೋಫರ್ ಎಂಬುದು ಕಾವ್ಯನಾಮ. ಅವರ ನಿಜ ಹೆಸರು ಸ್ಯಾಮ್ಯುಯೆಲ್ ಯೂಡ್. 1922ರಲ್ಲಿ ಹುಟ್ಟಿದ ಯೂಡ್ ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಸಂಪರ್ಕ ವಿಭಾಗದಲ್ಲಿ ದುಡಿದರು. 1956ರಲ್ಲಿ ಬಂದ 'ದಿ ಡೆತ್ ಆಫ್ ಗ್ರಾಸ್' ಅವರಿಗೆ ಹೆಸರು ತಂದಿತು. ಅದು ದೊಡ್ಡವರಿಗಾಗಿ ಬರೆದ ಕಾದಂಬರಿ. ಒಂದು ವೈರಸ್ ಮೊದಲು ಏಷ್ಯಾದ ಭತ್ತವನ್ನು ಕೊಲ್ಲುತ್ತದೆ. ಆಮೇಲೆ ಗೋಧಿಯಿಂದ ಹಿಡಿದು ಹುಲ್ಲಿನ ಕುಲವೆಲ್ಲ ನಾಶವಾಗುತ್ತದೆ. ಲಂಡನ್ನಿನ ಮರ್ಯಾದಸ್ಥ ಕುಟುಂಬವೊಂದು ಸೋದರನ ಹೊಲ ಸೇರಲು ಹೊರಟು, ದಾರಿಯುದ್ದಕ್ಕೂ ಕೊಲ್ಲುತ್ತಾ ಸಾಗುತ್ತದೆ. ಕೊನೆಗೆ ಆ ಹೊಲವನ್ನು ಬಲದಿಂದಲೇ ಹಿಡಿಯುತ್ತದೆ, ಸೋದರ ಸಾಯುತ್ತಾನೆ. ನಾಗರಿಕತೆಯ ಹೊದಿಕೆ ಎಷ್ಟು ತೆಳು ಎಂಬುದನ್ನು ಹೀಗೆ ತೋರಿಸಿದ ಲೇಖಕ ಹತ್ತು ವರ್ಷಗಳ ನಂತರ ಮಕ್ಕಳಿಗಾಗಿ ಬರೆಯಲು ಕುಳಿತರು.

'ದಿ ವೈಟ್ ಮೌಂಟನ್ಸ್' ಮತ್ತು 'ದಿ ಸಿಟಿ ಆಫ್ ಗೋಲ್ಡ್ ಅಂಡ್ ಲೆಡ್' 1967ರಲ್ಲಿ ಬಂದವು, 'ದಿ ಪೂಲ್ ಆಫ್ ಫೈರ್' 1968ರಲ್ಲಿ. ಮೂರು ಕಾಲಿನ ದೈತ್ಯ ಯಂತ್ರಗಳು ಎಂದೊಡನೆ ಎಚ್. ಜಿ. ವೆಲ್ಸ್ ನೆನಪಾಗುತ್ತಾರೆ. ಅವರ 'ದಿ ವಾರ್ ಆಫ್ ದ ವರ್ಲ್ಡ್ಸ್' (1898) ಕಾದಂಬರಿಯಲ್ಲಿ ಮಂಗಳ ಗ್ರಹದವರು ಇಂಥವೇ ಯಂತ್ರಗಳಲ್ಲಿ ಬಂದು, ಕೊನೆಗೆ ಭೂಮಿಯ ಸೂಕ್ಷ್ಮಾಣುಗಳಿಂದ ಸಾಯುತ್ತಾರೆ. ಅದರಲ್ಲೊಬ್ಬ ಫಿರಂಗಿ ಸಿಪಾಯಿ ಬರುತ್ತಾನೆ. ಅನ್ಯಗ್ರಹದವರು ಕೆಲವು ಮನುಷ್ಯರನ್ನು ನಾಯಿಬೆಕ್ಕಿನಂತೆ ಸಾಕಿಕೊಳ್ಳುತ್ತಾರೆ, ಬಹಳ ಜನ ಅದಕ್ಕೆ ಸಂತೋಷದಿಂದಲೇ ಒಪ್ಪುತ್ತಾರೆ, ಉಳಿದವರು ನೆಲದಡಿಯಲ್ಲಿ ಅಡಗಿ ಕಲಿತು ಒಂದು ದಿನ ಆ ಯಂತ್ರಗಳನ್ನೇ ವಶ ಮಾಡಿಕೊಳ್ಳಬೇಕು ಎನ್ನುತ್ತಾನೆ. ವೆಲ್ಸ್ ಅವನನ್ನು ಬಾಯಿಬಡುಕನೆಂದು ತೋರಿಸಿ ಮುಂದೆ ಹೋಗುತ್ತಾರೆ. ಕ್ರಿಸ್ಟೋಫರರ ಮೂರು ಪುಸ್ತಕಗಳನ್ನು ಓದಿದರೆ ಆ ಸಿಪಾಯಿಯ ಹರಟೆಯನ್ನು ಯಾರೋ ಗಂಭೀರವಾಗಿ ತೆಗೆದುಕೊಂಡರೇನೋ ಅನ್ನಿಸುತ್ತದೆ.

ಕಥೆಯ ಜಗತ್ತಿನಲ್ಲಿ ಮನುಷ್ಯರು ಸೋತು ಬಹಳ ಕಾಲವಾಗಿದೆ. ನಗರಗಳು ಹಾಳುಬಿದ್ದಿವೆ, ಜನ ಸಣ್ಣ ಹಳ್ಳಿಗಳಲ್ಲಿ ನೆಮ್ಮದಿಯಾಗಿದ್ದಾರೆ. ಹದಿನಾಲ್ಕನೆಯ ವಯಸ್ಸಿಗೆ ಪ್ರತಿ ಹುಡುಗ, ಹುಡುಗಿಯ ತಲೆಗೆ ಮುಕ್ಕಾಲಿ ಯಂತ್ರವೊಂದು ಲೋಹದ ಟೊಪ್ಪಿ ಕೂರಿಸುತ್ತದೆ. ಅವತ್ತು ಊರಿಗೆ ಊರೇ ಹಬ್ಬ. ಟೊಪ್ಪಿ ಬಿದ್ದ ಮೇಲೆ ಪ್ರಶ್ನೆಗಳಿಲ್ಲ, ದಂಗೆಯಿಲ್ಲ, ಯುದ್ಧವಿಲ್ಲ. ಕೆಲವರಲ್ಲಿ ಅದು ಸರಿಯಾಗಿ ಕೂರದೆ ಬುದ್ಧಿ ಕಲಕುತ್ತದೆ, ಅವರು ಅಲೆಮಾರಿಗಳಾಗುತ್ತಾರೆ. ಅಂಥ ಅಲೆಮಾರಿಯ ವೇಷದಲ್ಲಿ ಬಂದವನೊಬ್ಬನ ಮಾತು ಕೇಳಿ ಹದಿಮೂರರ ವಿಲ್ ಪಾರ್ಕರ್ ಮನೆ ಬಿಟ್ಟು ಓಡುತ್ತಾನೆ. ಜೊತೆಗೆ ಅವನ ಸಂಬಂಧಿ ಹೆನ್ರಿ. ಫ್ರಾನ್ಸಿನಲ್ಲಿ ಇವರನ್ನು ಕೂಡಿಕೊಳ್ಳುವವನು ಕಡ್ಡಿಯಂತಿರುವ, ತಾನೇ ಯಂತ್ರಗಳನ್ನು ಕಲ್ಪಿಸಿಕೊಳ್ಳುವ ಜಾನ್‌ಪಾಲ್. ಆಲ್ಪ್ಸ್ ಬೆಟ್ಟದ ಸುರಂಗಗಳಲ್ಲಿ ಟೊಪ್ಪಿಯಿಲ್ಲದ ಸ್ವತಂತ್ರರು ಅಡಗಿದ್ದಾರೆ. ಅಲ್ಲಿಗೆ ತಲುಪುವಷ್ಟಕ್ಕೆ ಮೊದಲ ಪುಸ್ತಕ ಮುಗಿಯುತ್ತದೆ.

ಇಷ್ಟೇ ಆಗಿದ್ದರೆ ಅದೊಂದು ಒಳ್ಳೆಯ ಸಾಹಸಕಥೆ. ಎರಡನೆಯ ಪುಸ್ತಕ ಓದುಗರನ್ನು ಶತ್ರುವಿನ ಮನೆಯೊಳಕ್ಕೇ ಕರೆದೊಯ್ಯುತ್ತದೆ. ವಿಲ್ ಮತ್ತು ಜರ್ಮನಿಯ ಫ್ರಿಟ್ಸ್ ನಕಲಿ ಟೊಪ್ಪಿ ಧರಿಸಿ, ಕ್ರೀಡಾಕೂಟದಲ್ಲಿ ಗೆದ್ದು, ಬಹುಮಾನವಾಗಿ ಒಡೆಯರ ನಗರಕ್ಕೆ ಗುಲಾಮರಾಗಿ ಹೋಗುತ್ತಾರೆ. ಅಲ್ಲಿ ನೆಲದ ಸೆಳೆತ ಹೆಚ್ಚು, ಗಾಳಿ ವಿಷ, ಸೆಕೆ ತಡೆಯಲಾಗದು. ಗುಲಾಮರು ಬೇಗನೆ ಮುದುಕರಾಗುತ್ತಾರೆ. ಕೈಲಾಗದ ದಿನ ತಾವಾಗಿಯೇ ಎದ್ದು ಸಾಯುವ ಜಾಗಕ್ಕೆ ನಡೆದು ಹೋಗುತ್ತಾರೆ. ಆ ಜಾಗಕ್ಕಿರುವ ಹೆಸರು 'ಸುಖದ ಬಿಡುಗಡೆ'. ವಿಲ್‌ನ ಒಡೆಯ ಕ್ರೂರಿಯಲ್ಲ. ಹುಡುಗನನ್ನು ಮುದ್ದು ಮಾಡುತ್ತಾನೆ, ತನ್ನ ಮನಸ್ಸಿನ ಮಾತನ್ನು ಹೇಳಿಕೊಳ್ಳುತ್ತಾನೆ. ಇನ್ನು ನಾಲ್ಕು ವರ್ಷಕ್ಕೆ ಬರುವ ಹಡಗು ಭೂಮಿಯ ಗಾಳಿಯನ್ನೇ ಬದಲಿಸಿ ಮನುಷ್ಯರನ್ನು ಮುಗಿಸಲಿದೆ ಎಂಬ ಸಂಗತಿ ತಿಳಿಯುವುದು ಅವನಿಂದಲೇ. ಮೊದಲ ಪುಸ್ತಕದಲ್ಲಿ ವಿಲ್ ಮೆಚ್ಚಿದ್ದ ಎಲೋಯಿಸ್ ಎಂಬ ಹುಡುಗಿ ಇಲ್ಲಿ ಗಾಜಿನ ಪೆಟ್ಟಿಗೆಯೊಳಗೆ, ಚೆಂದದ ವಸ್ತುಗಳ ಸಂಗ್ರಹದಲ್ಲಿ, ಹೆಣವಾಗಿ ಸಿಗುತ್ತಾಳೆ. ಅವಳು ಅಲ್ಲಿಗೆ ನಗುನಗುತ್ತಾ ಬಂದಿದ್ದಳು. ಪ್ರೀತಿಯಿಂದ ಸಾಕುವ ಒಡೆಯ, ಸಂತೋಷದಿಂದ ಸಾಯುವ ಗುಲಾಮ: ದಬ್ಬಾಳಿಕೆಯ ಈ ಮುಖವನ್ನು ಹದಿಮೂರರ ಮಕ್ಕಳಿಗೆ ತೋರಿಸಲು ಧೈರ್ಯ ಬೇಕಿತ್ತು.

ಮೂರನೆಯ ಪುಸ್ತಕದಲ್ಲಿ ಮನುಷ್ಯರು ಗೆಲ್ಲುತ್ತಾರೆ. ಒಡೆಯರ ಮೂರು ನಗರಗಳಲ್ಲಿ ಎರಡು, ನೀರಿಗೆ ಮದ್ಯ ಬೆರೆಸಿದ್ದರಿಂದ ಮೈಮರೆತು ಬೀಳುತ್ತವೆ. ಮೂರನೆಯದು ಪನಾಮಾದ್ದು. ಅಲ್ಲಿ ಬಲೂನಿನಿಂದ ಎಸೆದ ಬಾಂಬುಗಳು ಗುಮ್ಮಟದ ಮೇಲಿಂದ ಜಾರಿ ಹೋಗುತ್ತವೆ. ಕೊನೆಗೆ ಹೆನ್ರಿ ಗುಮ್ಮಟದ ಮೇಲಿಳಿದು ಬಾಂಬನ್ನು ಕೈಯಲ್ಲೇ ಹಿಡಿದು ನಿಲ್ಲುತ್ತಾನೆ. ನಗರ ಹೋಗುತ್ತದೆ, ಅವನೂ ಹೋಗುತ್ತಾನೆ.

ಬೇರೆ ಯಾರಾದರೂ ಇಲ್ಲಿಗೆ ಮಂಗಳ ಹಾಡುತ್ತಿದ್ದರು. ಕ್ರಿಸ್ಟೋಫರ್ ಇನ್ನೊಂದು ಅಧ್ಯಾಯ ಬರೆಯುತ್ತಾರೆ. ಎಲ್ಲ ದೇಶಗಳ ಪ್ರತಿನಿಧಿಗಳು ಮನುಕುಲದ ಸಮ್ಮೇಳನಕ್ಕೆ ಸೇರುತ್ತಾರೆ. ಒಂದೇ ಲೋಕ, ಒಂದೇ ಜನ ಎಂದು ಶುರುವಾದ ಸಭೆ, ಯಾರ ದೇಶ ದೊಡ್ಡದು ಎಂಬ ಜಗಳಕ್ಕೆ ಇಳಿಯುತ್ತದೆ. ಹೋರಾಟವನ್ನು ನಡೆಸಿದ ಮುದಿ ನಾಯಕ ಜೂಲಿಯಸ್‌ನನ್ನು ಕೆಳಗಿಳಿಸುತ್ತಾರೆ. ಸಭೆ ಒಡೆಯುತ್ತದೆ. ಟೊಪ್ಪಿ ಹೋಯಿತು, ಹಳೆಯ ಬುದ್ಧಿ ಮರಳಿತು. ಹೆನ್ರಿ ಸತ್ತದ್ದು ಇದಕ್ಕೇನೆ ಎಂಬ ಪ್ರಶ್ನೆ ಉಳಿದ ಗೆಳೆಯರ ಎದುರಿಗಿದೆ. ವಿಲ್, ಜಾನ್‌ಪಾಲ್, ಫ್ರಿಟ್ಸ್ ತಮ್ಮ ಬೇರೆ ಆಸೆಗಳನ್ನು ಬದಿಗಿಟ್ಟು ಜನರನ್ನು ಕೂಡಿಸುವ ಕೆಲಸಕ್ಕೆ ಹೊರಡುತ್ತಾರೆ. ಆ ಕೆಲಸ ಕೈಗೂಡಿತೇ ಎಂದು ಪುಸ್ತಕ ಹೇಳುವುದಿಲ್ಲ.

ಆ ಮೂರು ಹುಡುಗರ ದೇಶಗಳನ್ನು ಗಮನಿಸಿ: ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ. ಮಹಾಯುದ್ಧ ಮುಗಿದು ಆಗ ಇಪ್ಪತ್ತೆರಡು ವರ್ಷವಷ್ಟೇ ಆಗಿತ್ತು. ಜರ್ಮನಿಯ ವಿರುದ್ಧದ ಯುದ್ಧದಲ್ಲಿ ಸಮವಸ್ತ್ರ ತೊಟ್ಟಿದ್ದ ಲೇಖಕ, ತನ್ನ ಕಥೆಯ ಅತ್ಯಂತ ನಂಬಿಗಸ್ತ ಹುಡುಗನನ್ನು ಜರ್ಮನ್ ಆಗಿಸುತ್ತಾರೆ. 1957ರ ರೋಮ್ ಒಪ್ಪಂದದಿಂದ ಯುರೋಪಿನ ಆರು ದೇಶಗಳು ಆರ್ಥಿಕ ಸಮುದಾಯವೊಂದನ್ನು ಕಟ್ಟಿಕೊಂಡಿದ್ದವು. ಬ್ರಿಟನ್ ಸೇರಲು ಬಂದಾಗ ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ 1963ರಲ್ಲಿ ಒಮ್ಮೆ, 1967ರ ನವೆಂಬರಿನಲ್ಲಿ ಇನ್ನೊಮ್ಮೆ ಬೇಡವೆಂದರು. ಮೂರನೆಯ ಪುಸ್ತಕ ಬಂದದ್ದು ಅದರ ಮರುವರ್ಷ. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಬೇಕಾಗಿಲ್ಲ. ಗೆದ್ದವರು ಒಂದೇ ಮೇಜಿನ ಸುತ್ತ ಕೂತು ಜಗಳವಾಡುವುದನ್ನು ಕಲ್ಪಿಸಿಕೊಳ್ಳಲು ಆ ಕಾಲದ ಓದುಗರಿಗೆ ಪತ್ರಿಕೆಯೇ ಸಾಕಾಗಿತ್ತು.

ಯುದ್ಧ ಮುಗಿದ ಮೇಲಿನ ಕಥೆ ಹೇಳುವುದು ಎಷ್ಟು ಕಷ್ಟವೆಂದು ಕನ್ನಡದ ಓದುಗರಿಗೆ ಬೇರೆ ಹೇಳಬೇಕಿಲ್ಲ. ಕುಮಾರವ್ಯಾಸ ತನ್ನ ಭಾರತವನ್ನು ಗದಾಪರ್ವಕ್ಕೆ ನಿಲ್ಲಿಸಿದ. ಶಾಂತಿಪರ್ವದಿಂದ ಮುಂದಿನದನ್ನು ಹೇಳಲು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ ಬರಬೇಕಾಯಿತು. ನಾವು ಇವತ್ತಿಗೂ ಸವಿದು ಓದುವುದು, ಓದಿಸಿ ಕೇಳುವುದು ಮೊದಲಿನ ಹತ್ತು ಪರ್ವಗಳನ್ನೇ.

ಟ್ರೈಪಾಡ್ಸ್ ಕಥೆಗೆ ಇನ್ನೊಂದು ಬಗೆಯ ಅಂತ್ಯವೂ ಒದಗಿತು. ಬಿಬಿಸಿ ಇದನ್ನು ಧಾರಾವಾಹಿಯಾಗಿಸಿತು. 1984ರಲ್ಲಿ ಮೊದಲ ಪುಸ್ತಕ 13 ಕಂತುಗಳಲ್ಲಿ, 1985ರಲ್ಲಿ ಎರಡನೆಯದು 12 ಕಂತುಗಳಲ್ಲಿ ಬಂದವು. ಮೂರನೆಯದನ್ನು ಮಾಡಲೇ ಇಲ್ಲ. ಕೊನೆಯ ಕಂತಿನಲ್ಲಿ ಹುಡುಗರು ಬೆಟ್ಟಕ್ಕೆ ಮರಳಿದಾಗ ಸ್ವತಂತ್ರರ ನೆಲೆ ಸುಟ್ಟು ಹಾಳಾಗಿರುತ್ತದೆ. ಪುಸ್ತಕ ಓದದೆ ಟಿವಿಯನ್ನಷ್ಟೇ ನೋಡಿ ಬೆಳೆದವರ ಮಟ್ಟಿಗೆ ಒಡೆಯರೇ ಗೆದ್ದರು. ಮೂರು ವರ್ಷಗಳ ನಂತರ, 1988ರಲ್ಲಿ, ಕ್ರಿಸ್ಟೋಫರ್ ಕಥೆಯ ಹಿಂದಿನ ಕಥೆಯನ್ನು ಬರೆದರು: 'ವೆನ್ ದ ಟ್ರೈಪಾಡ್ಸ್ ಕೇಮ್'. ಅಷ್ಟು ಬಲಶಾಲಿ ಮನುಷ್ಯರನ್ನು ಮೂರು ಕಾಲಿನ ಯಂತ್ರಗಳು ಸೋಲಿಸಿದ್ದು ಹೇಗೆ ಎಂಬುದಕ್ಕೆ ಅದರಲ್ಲಿ ಉತ್ತರವಿದೆ. ಒಂದು ಟಿವಿ ಕಾರ್ಯಕ್ರಮ ನೋಡುಗರ ಮನಸ್ಸನ್ನು ಕಟ್ಟಿಹಾಕಿತು. ಜನ ತಾವಾಗಿಯೇ ಟೊಪ್ಪಿ ಬೇಡಿ ಹಾಕಿಕೊಂಡರು.

ಅಲ್ಲಿಂದೀಚೆಗೆ ಇಂಥ ಕಾದಂಬರಿಗಳು ಬೇಕಾದಷ್ಟು ಬಂದಿವೆ. ಸುಝಾನ್ ಕಾಲಿನ್ಸ್ ಅವರ 'ಹಂಗರ್ ಗೇಮ್ಸ್' ಸರಣಿಯ ಮೂರನೆಯ ಪುಸ್ತಕ 'ಮಾಕಿಂಗ್‌ಜೇ' (2010) ಇದೇ ತಿರುವಿಗೆ ಬಂದು ನಿಲ್ಲುತ್ತದೆ. ದಂಗೆಯಲ್ಲಿ ಗೆದ್ದ ಪಕ್ಷದ ನಾಯಕಿ, ಸೋತವರ ಮಕ್ಕಳನ್ನು ಅದೇ ಸಾವಿನ ಆಟಕ್ಕೆ ಇಳಿಸೋಣ ಎನ್ನುತ್ತಾಳೆ. ಕ್ಯಾಟ್ನಿಸ್‌ಳ ಬಾಣ ಹಳೆಯ ಸರ್ವಾಧಿಕಾರಿಯನ್ನು ಬಿಟ್ಟು ಹೊಸ ನಾಯಕಿಯತ್ತ ತಿರುಗುತ್ತದೆ. ಕ್ರಿಸ್ಟೋಫರರ ಹುಡುಗರು ಸಭೆಯಿಂದ ಸಭೆಗೆ ಹೋಗಿ ಮಾತಾಡುವ ದಾರಿ ಹಿಡಿದರು. ನಲವತ್ತು ವರ್ಷಗಳ ಅಂತರದಲ್ಲಿ ಇಷ್ಟು ವ್ಯತ್ಯಾಸ.

ಸ್ಯಾಮ್ಯುಯೆಲ್ ಯೂಡ್ 2012ರಲ್ಲಿ ತೀರಿಕೊಂಡರು. ಮಕ್ಕಳ ಪುಸ್ತಕದಲ್ಲಿ ಕೆಟ್ಟವರು ಸತ್ತರೆ ಕಥೆ ಮುಗಿಯಬೇಕು ಎಂಬ ಕಟ್ಟಳೆಯನ್ನು ಅವರು ಮುರಿದರು. ಟೊಪ್ಪಿಯೊಳಗಿನ ನೆಮ್ಮದಿ ಒಂದು ಕಡೆ, ಜಗಳದ ಸ್ವಾತಂತ್ರ್ಯ ಇನ್ನೊಂದು ಕಡೆ. ಎರಡನೆಯದೇ ಇರಲಿ, ಆದರೆ ಅದು ದಿನವೂ ದುಡಿಯಬೇಕಾದ ಹೊಲದ ಹಾಗೆ ಎಂದು ಹದಿಹರೆಯದವರಿಗೆ ಹೇಳಿದರು. ಅವರ ಮೂರು ಪುಸ್ತಕಗಳನ್ನು ಕೈಗೆತ್ತಿಕೊಳ್ಳುವವರು ಗುಮ್ಮಟ ಒಡೆದಲ್ಲಿಗೆ ಮುಚ್ಚಿಡದೆ, ಆ ಸಮ್ಮೇಳನದ ಅಧ್ಯಾಯವನ್ನೂ ಓದಬೇಕು.