ಹೊಂಚಿಗೂ ಒಂದು ಹದ

ಇರುಳಿನಲ್ಲಿ ಶಿಬಿರವನ್ನು ಹೊಕ್ಕು, ಮಲಗಿದ್ದವರನ್ನು ಕೊಂದ ಅಶ್ವತ್ಥಾಮನ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಸತ್ತವರು ಅಂಜುಬುರುಕರಲ್ಲ, ಬಿಲ್ಲಿಗೆ ಹೆದೆಯೇರಿಸುವಷ್ಟು ಬಿಡುವೂ ಅವರಲ್ಲಿ ಹಲವರಿಗೆ ದೊರೆಯಲಿಲ್ಲ, ಅಷ್ಟೆ. ಕಾವ್ಯದಲ್ಲಿ ಇದು ಕರುಣರಸಕ್ಕೆ ಎಡೆಯಾಯಿತು. ಆಟದಲ್ಲಿ ಹೀಗಾದರೆ?

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವನು ಒಬ್ಬ ವಿದ್ಯಾರ್ಥಿ. ರಜೆಯಲ್ಲಿ ಗೆಳೆಯರೊಡನೆ ನಮ್ಮ ಜಗಲಿಯ ಮೇಲೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಿದ್ದ. ಈ ಆಟದಲ್ಲಿ ಒಬ್ಬನು ಸೂತ್ರಧಾರನಾಗಿ ಕಥೆಯನ್ನು ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿ, ಮಾತಿನಿಂದಲೇ ಸಂಚರಿಸುತ್ತಾರೆ, ಕಾದುತ್ತಾರೆ. ಏಟು ತಗುಲಿತೇ ಇಲ್ಲವೇ ಎಂಬುದನ್ನು ದಾಳ ಹೇಳುತ್ತದೆ. ಅಂದು ಪೊದೆಯಲ್ಲಿ ಅಡಗಿದ್ದ ಕಳ್ಳರು ಎರಗಿದರು. ಹುಡುಗನ ವೀರ ಮೊದಲ ಸುತ್ತಿನಲ್ಲೇ ಬಿದ್ದ. “ಮೇಷ್ಟ್ರೇ, ನಾನು ಒಂದು ಸಲವೂ ದಾಳ ಹಾಕಲಿಲ್ಲ” ಎಂದ. ಅವನ ದುಃಖ ಸೋಲಿನದಲ್ಲ, ಸರದಿಯೇ ಬಾರದುದರದು.

ಇದರ ಬೇರು ಹಳೆಯದು. ಚದುರಂಗದಲ್ಲಿ ಕಾಣದ ಪಡೆಯೆಂಬುದಿಲ್ಲ. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಸ್ ಪ್ರಕಟಿಸಿದ ಯುದ್ಧದಾಟದಲ್ಲಿ, ಎದುರಾಳಿಯ ಕಣ್ಣಿಗೆ ಬೀಳುವ ದಂಡನ್ನು ಮಾತ್ರ ಮಧ್ಯಸ್ಥನು ನಕ್ಷೆಯ ಮೇಲಿಡುತ್ತಿದ್ದನು. ಹೀಗೆ ಹೊಂಚು ಆಟದೊಳಕ್ಕೆ ಬಂದಿತು. ಹೊಂಚಿಗೆ ಸಿಕ್ಕ ಸೇನಾಧಿಕಾರಿಗೆ ಅದೊಂದು ಪಾಠ. ಆದರೆ ವಿನೋದಕ್ಕೆಂದು ಕುಳಿತವನಿಗೆ?

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರು ಈ ಹುಡುಗರಾಡುವ ಆಟವನ್ನು ಹೊರತಂದರು. ಅವರ ನಿಯಮ ಸರಳವಾಗಿತ್ತು: ಆರು ಮುಖದ ದಾಳದಲ್ಲಿ 1 ಅಥವಾ 2 ಬಿದ್ದರೆ ಆ ಪಕ್ಷ ಅಚ್ಚರಿಗೆ ಸಿಕ್ಕಿತು, ಎದುರಿನವರಿಗೆ ಒಂದು ನಡೆ ಪುಕ್ಕಟೆ. 2000ದ ಮೂರನೆಯ ಆವೃತ್ತಿ, ಎಚ್ಚರವಿದ್ದವರಿಗೆ ಮಾತ್ರ ಒಂದು ಮೊಟಕು ಸುತ್ತನ್ನು ಕೊಟ್ಟಿತು.

2014ರ ಐದನೆಯ ಆವೃತ್ತಿಯಲ್ಲಿ ಎರಡು ಲಾಭಗಳು ಕೂಡಿದವು. ಅಚ್ಚರಿಗೆ ಸಿಕ್ಕವನು ತನ್ನ ಮೊದಲ ಸರದಿಯಲ್ಲಿ ಚಲಿಸುವಂತಿಲ್ಲ, ಕೈಯೆತ್ತುವಂತಿಲ್ಲ. ಅಡಗಿ ಹೊಡೆಯುವವನಾದರೋ ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಹಾಕಿ, ಹೆಚ್ಚಿನ ಅಂಕೆಯನ್ನು ತೆಗೆದುಕೊಳ್ಳಬಹುದು. ಈ ಎರಡನೆಯ ಅನುಕೂಲದ ತೂಕವನ್ನು ವಾಚಕರು ತಾವೇ ಲೆಕ್ಕಹಾಕಿ ನೋಡಬಹುದು. 11 ಅಥವಾ ಹೆಚ್ಚು ಬೇಕಾದಲ್ಲಿ ಒಂದು ದಾಳಕ್ಕೆ ನೂರಕ್ಕೆ 50ರಷ್ಟು ಅವಕಾಶ, ಎರಡಕ್ಕೆ 75. ಆದರೆ 20ನ್ನೇ ಬೀಳಿಸಬೇಕಾದರೆ 5 ಇದ್ದುದು 9.75 ಮಾತ್ರ ಆಗುತ್ತದೆ. ಬಲಾಬಲ ಸಮವಾಗಿರುವಲ್ಲಿಯೇ ಈ ಅನುಕೂಲ ಹೆಚ್ಚು ಹರಿತ. ಇದಕ್ಕೊಂದು ಕಡಿವಾಣವೂ ಉಂಟು: ಕಾರಣಗಳು ಎಷ್ಟೇ ಇರಲಿ, ದಾಳ ಎರಡೇ, ಅನಾನುಕೂಲವೊಂದು ಎದುರಾದರೆ ಎರಡೂ ವಜಾ. ಸರದಿಯನ್ನು ಕಳೆದುಕೊಂಡವನಿಗೆ ಮಾತ್ರ ಅಂತಹ ಕಡಿವಾಣದ ರಕ್ಷಣೆ ಇರಲಿಲ್ಲ.

2024ರ ಪರಿಷ್ಕರಣದಲ್ಲಿ ಅದು ಬಂದಿತು. ಈಗ ಅಚ್ಚರಿಗೆ ಸಿಕ್ಕವನು ಸರದಿಯ ಕ್ರಮವನ್ನು ಗೊತ್ತುಮಾಡುವಾಗ ದಾಳವನ್ನು ಎರಡು ಸಲ ಹಾಕಿ ಕಡಿಮೆಯ ಅಂಕೆಯನ್ನು ಇಟ್ಟುಕೊಳ್ಳಬೇಕು. ಅವನ ಸರದಿ ತಡವಾದೀತು, ತಪ್ಪಿಹೋಗದು.

ಹೊಂಚಿನ ಬೆಲೆ ಇದರಿಂದ ಇಳಿಯಿತೆಂದು ಆಕ್ಷೇಪಿಸುವವರುಂಟು, ಅದರಲ್ಲಿ ಹುರುಳಿಲ್ಲದಿಲ್ಲ. ಜಾಣ್ಮೆಯಿಂದ ಕಾದುಕುಳಿತವನಿಗೆ ಫಲ ಸಿಗಲೇಬೇಕು. ಆದರೆ ಆ ಫಲ ಎದುರಾಳಿಯ ಬಲವನ್ನು ಕುಗ್ಗಿಸಲಿ, ಅವನ ಆಟವನ್ನೇ ಕಸಿಯದಿರಲಿ. ತಾವು ಸೂತ್ರಧಾರರಾದರೆ, ಎರಗುವ ಮುನ್ನ ಒಂದು ಸುಳಿವು ಬಿಡಿ: ಮುರಿದ ಕಡ್ಡಿ, ಇದ್ದಕ್ಕಿದ್ದಂತೆ ನಿಂತ ಹಕ್ಕಿಯ ದನಿ. ಗಮನಿಸದೆ ಹೋದವನು ಆಗ ನಿಯಮವನ್ನು ದೂರಲಾರ.

ಮರುದಿನ ಹುಡುಗರು ಹೊಸ ನಿಯಮದಂತೆ ಆಡಿದರು. ಆ ವೀರ ಈ ಸಲವೂ ಬಿದ್ದ. ಆದರೆ ಒಮ್ಮೆ ಕತ್ತಿ ಬೀಸಿಯೇ ಬಿದ್ದ. ಹುಡುಗ ನನ್ನಲ್ಲಿಗೆ ದೂರು ತರಲಿಲ್ಲ.