ಕನಕಾಂಬರದ ಚರಿತ್ರೆ

ಅರಸರ ವಂಶಾವಳಿಯನ್ನು ತಿಳಿಸಲು ಶಿಲಾಶಾಸನಗಳಿವೆ. ಅಂಗಳದ ಹೂಗಿಡಕ್ಕಾದರೋ ಅದರ ಹೆಸರುಗಳೇ ಶಾಸನ.

ಕುಡಚಡೆಯ ನಮ್ಮ ಶಾಲೆಯ ಕೈತೋಟದಲ್ಲಿ ಮೊದಲ ಹೂ ಅರಳಿದ ದಿನ ಒಂದು ಸಣ್ಣ ವಾದ ನಡೆಯಿತು. ಧಾರವಾಡದ ಕಡೆಯ ಬಾಲಕಿ ‘ಕನಕಾಂಬರ’ ಎಂದಳು. ಹೊನ್ನಾವರದವಳು ‘ಅಬ್ಬಲಿಗೆ’ ಎಂದಳು. ನೆರೆಮನೆಯ ಕೊಂಕಣಿ ತಾಯಿಯವರು ‘ಅಬೋಲಿ’ ಎಂದರು. ಯಾವುದು ಸರಿ?

ಮೂರೂ ಸರಿ. ಅಬ್ಬಲಿಗೆ, ಅಬೋಲಿ ಎಂಬ ಮಾತುಗಳ ಹೋಲಿಕೆಯೇ ಎರಡು ನುಡಿಗಳ ನೆರೆತನಕ್ಕೆ ಸಾಕ್ಷಿ. ನಮಗೆ ಸಮೀಪದ ಚಾಂದೋರವೇ ಹಿಂದೆ ಗೋವೆಯ ಕದಂಬರ ರಾಜಧಾನಿಯಾಗಿದ್ದ ಚಂದ್ರಪುರ. ಆ ಅರಸರು ಕನ್ನಡದಲ್ಲಿಯೂ ಶಾಸನಗಳನ್ನು ಬರೆಯಿಸಿದರು. 1888ರಲ್ಲಿ ಮುರಗಾಂವದಿಂದ ಘಟ್ಟದ ಮೇಲಣ ಕ್ಯಾಸಲ್‌ರಾಕಿಗೆ ರೈಲುಮಾರ್ಗ ತೆರೆದ ಮೇಲೆ ಹೋಗಿಬರುವುದು ಇನ್ನೂ ಸುಗಮವಾಯಿತು. ಆದುದರಿಂದ ಇಲ್ಲಿ ಕನ್ನಡ ಕಲಿಯುವ ಮಗುವು ತನ್ನನ್ನು ನಿನ್ನೆ ಬಂದ ಪರಕೀಯನೆಂದು ಭಾವಿಸಬೇಕಾಗಿಲ್ಲ.

ಕನಕಾಂಬರವು ದಕ್ಷಿಣ ಭಾರತ ಹಾಗೂ ಶ್ರೀಲಂಕೆಯ ನೆಲದ್ದೇ ಆದ ಬಹುವಾರ್ಷಿಕ ಸಸ್ಯ. 1759ರಲ್ಲಿ ಸ್ವೀಡನ್ನಿನ ಲಿನೇಯಸ್ ಅದಕ್ಕೆ ಶಾಸ್ತ್ರೀಯ ನಾಮವನ್ನಿತ್ತನು. 1832ರಲ್ಲಿ ಜರ್ಮನಿಯ ನೀಸ್ ಅದನ್ನು ‘ಕ್ರಾಸಾಂಡ್ರ’ ಕುಲಕ್ಕೆ ಸೇರಿಸಿದನು. ಪಂಡಿತರು ಹೂವಿನ ಆಲಿಕೆಯಂಥ ಆಕಾರವನ್ನು ನೋಡಿ ಹೆಸರಿಟ್ಟರು; ಕನಕಾಂಬರವೆಂದ ನಮ್ಮವರು ಬಣ್ಣವನ್ನು ನೋಡಿದರು. ಗಂಧವಿಲ್ಲದಿದ್ದರೂ ಬೇಗ ಬಾಡದ ಗುಣದಿಂದ ಅದು ಹೆಂಗಳೆಯರ ಮುಡಿಯಲ್ಲಿ ಮಲ್ಲಿಗೆಗೆ ಜೊತೆಯಾಯಿತು.

ಈಗ ಪೇಟೆಯಲ್ಲಿ ‘ದಿಲ್ಲಿ ಕನಕಾಂಬರ’ಕ್ಕೆ ಬಹಳ ಬೇಡಿಕೆ. ಅದರ ಹೂ ದೊಡ್ಡದು, ಬಣ್ಣ ಗಾಢ. ಆದರೆ ಅದು ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ಹಳೆಯ ನಾಟಿ ಗಿಡವು ತಾನೇ ಬಿತ್ತಿಕೊಳ್ಳುತ್ತದೆ. ಒಣಗಿದ ಕಾಯಿಯನ್ನು ನೀರಿಗೆ ಹಾಕಿರಿ. ತುಸು ಹೊತ್ತಿನಲ್ಲಿ ಚಟ್ಟನೆ ಸಿಡಿದು ಬೀಜವನ್ನು ಎಸೆಯುತ್ತದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠವುಂಟೆ?

ಸಾಕಣೆ ಕಷ್ಟವಲ್ಲ. ಗೋವೆಯ ಮಳೆಗೆ ಬೇರು ಕೊಳೆಯದಂತೆ ಮಣ್ಣನ್ನು ದಿಬ್ಬವಾಗಿ ಏರಿಸಿ, ಹಳೆಯ ಗೊಬ್ಬರ ಬೆರೆಸಿ, ಅರೆನೆರಳಿನಲ್ಲಿ ನೆಡಬೇಕು. ಬೇಸಗೆಯಲ್ಲಿ ತೇವ ಆರಬಾರದು. ಹೂ ಮುಗಿದ ತೆನೆಗಳನ್ನು ಕತ್ತರಿಸಿದರೆ ಹೊಸ ಚಿಗುರು ಬರುತ್ತದೆ. ಬೀಜಕ್ಕಾಗಿ ಕೆಲವನ್ನು ಮಾತ್ರ ಉಳಿಸಬೇಕು. ಬೇರಿನಲ್ಲಿ ಗಂಟುಹುಳು ಕಂಡರೆ ಹೊಸ ಗಿಡವನ್ನು ಬೇರೆ ಜಾಗದಲ್ಲಿಯೇ ನೆಡತಕ್ಕದ್ದು.

ನಾಟಿ ಗಿಡವನ್ನು ಅಂಗಳಗಳೇ ಕೈಬಿಟ್ಟರೆ ಪೇಟೆ ಅದನ್ನು ಕಾಯಲಾರದು. ಪ್ರತಿಯೊಂದು ಶಾಲೆಯೂ ಒಂದೆರಡು ಗಿಡಗಳನ್ನು ಉಳಿಸಿಕೊಳ್ಳಲಿ.

ನಮ್ಮ ತೋಟದ ಫಲಕದಲ್ಲಿ ಈಗ ಮೂರು ಹೆಸರುಗಳನ್ನೂ ಬರೆದಿದ್ದೇವೆ.