ಖಾತರಿ ಕೊಟ್ಟದ್ದು ಊರಿನ ಬ್ಯಾಂಕ್. ದಾವೆ ಯಾವ ನ್ಯಾಯಾಲಯದಲ್ಲಿ?

ಹೊಸನಗರ ತಾಲ್ಲೂಕಿನ ನಗರದಲ್ಲೋ, ಸಾಗರ, ತೀರ್ಥಹಳ್ಳಿಗಳಲ್ಲೋ ನೆಲೆಸಿರುವ ವರ್ತಕರೊಬ್ಬರು ಚೆನ್ನೈ ಬಂದರಿನ ಮೂಲಕ ವಿದೇಶಿ ಯಂತ್ರವೊಂದನ್ನು ತರಿಸಿದರೆನ್ನೋಣ. ಸುಂಕದ ಬಗ್ಗೆ ತಕರಾರು ಎದ್ದಾಗ ಸರಕು ಬಿಡಿಸಿಕೊಳ್ಳಲು ಊರಿನ ಶಾಖೆಯಿಂದ ಬ್ಯಾಂಕ್ ಖಾತರಿ ಕೊಡುತ್ತಾರೆ. ಮುಂದೆ ಕಸ್ಟಮ್ಸ್ ಇಲಾಖೆ ಅದನ್ನು ನಗದೀಕರಿಸಲು ಹೊರಡುತ್ತದೆ. ಬ್ಯಾಂಕ್ ಇಲ್ಲಿಯದು, ಹಣ ಹೋಗುವುದೂ ಇಲ್ಲಿಂದಲೇ. ಹಾಗಾಗಿ ಕರ್ನಾಟಕ ಹೈಕೋರ್ಟಿನ ಮೊರೆ ಹೋಗಬಹುದು ಎಂಬುದು ಸಹಜ ತರ್ಕ. ಸುಪ್ರೀಂ ಕೋರ್ಟ್ ಇದನ್ನು ಒಪ್ಪಿಲ್ಲ.

ಅದಾನಿ ಎಕ್ಸ್‌ಪೋರ್ಟ್ಸ್ ಪ್ರಕರಣದಲ್ಲಿ 2001ರ ಅಕ್ಟೋಬರ್ 31ರಂದು ಬಂದ ತೀರ್ಪು ಇಲ್ಲಿ ಮುಖ್ಯ. ಸಿಗಡಿ ರಫ್ತಿಗೆ ಪಾಸ್‌ಬುಕ್ ಯೋಜನೆಯಡಿ ಸುಂಕದ ಜಮೆ ಕೋರಿದ್ದ ಕಂಪನಿ ಗುಜರಾತ್ ಹೈಕೋರ್ಟಿಗೆ ಹೋಗಿತ್ತು. ವ್ಯವಹಾರ ನಡೆಯುವುದು ಅಹಮದಾಬಾದಿನಿಂದ, ಬ್ಯಾಂಕ್ ಖಾತರಿ ಮತ್ತು ಬಾಂಡ್ ಬರೆದುಕೊಟ್ಟದ್ದೂ ಅಲ್ಲಿಯೇ ಎಂಬುದು ಅದರ ವಾದ. ಆದರೆ ಆಮದು, ರಫ್ತು ಎರಡೂ ನಡೆದದ್ದು ಚೆನ್ನೈನಲ್ಲಿ. ಪಾಸ್‌ಬುಕ್ ನಿರ್ವಹಿಸುವ ಅಧಿಕಾರಿಗಳಿದ್ದುದೂ ಅಲ್ಲಿಯೇ. ಖಾತರಿ ಎಲ್ಲಿ ಬರೆಯಲಾಯಿತು ಎಂಬುದಕ್ಕೂ ವಿವಾದಕ್ಕೂ ನೇರ ಸಂಬಂಧವಿಲ್ಲವೆಂದು ಹೇಳಿದ ಸುಪ್ರೀಂ ಕೋರ್ಟ್, ಗುಜರಾತ್ ಹೈಕೋರ್ಟಿಗೆ ನ್ಯಾಯವ್ಯಾಪ್ತಿ ಇಲ್ಲವೆಂದು ತೀರ್ಮಾನಿಸಿತು.

ವ್ಯಾಜ್ಯದ ಕಾರಣ ಭಾಗಶಃ ಉದ್ಭವಿಸಿದರೂ ಆ ಪ್ರದೇಶದ ಹೈಕೋರ್ಟ್ ರಿಟ್ ಅರ್ಜಿ ಆಲಿಸಬಹುದೆಂಬ ಅವಕಾಶ 1963ರ 15ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿತು. ಈಗ ಅದು 226(2)ನೇ ವಿಧಿ. ಎಡವುವುದು ‘ಭಾಗಶಃ’ ಎಂಬ ಪದದಲ್ಲಿಯೇ: ಕಚೇರಿಯ ವಿಳಾಸ, ಪತ್ರವ್ಯವಹಾರ, ಹಣ ಪಾವತಿಯಂಥ ಸಂಗತಿಗಳು ವಿವಾದದ ತಿರುಳಿಗೆ ಸಂಬಂಧಿಸಿರದಿದ್ದರೆ ಲೆಕ್ಕಕ್ಕಿಲ್ಲ. ಲೂಧಿಯಾನದ ಓಸ್ವಾಲ್ ವುಲನ್ ಮಿಲ್ಸ್ ಕಲ್ಕತ್ತಾ ಹೈಕೋರ್ಟನ್ನು ಆರಿಸಿಕೊಂಡದ್ದಕ್ಕೆ ಸುಪ್ರೀಂ ಕೋರ್ಟ್ 1984ರಲ್ಲಿಯೇ ಅಸಮಾಧಾನ ವ್ಯಕ್ತಪಡಿಸಿತ್ತು.

ಸುಂಕದ ಬೇಡಿಕೆಯನ್ನೇ ಪ್ರಶ್ನಿಸುವುದಾದರೆ ರಿಟ್ ಮೊದಲ ದಾರಿಯಲ್ಲ. ಆಯುಕ್ತರ (ಮೇಲ್ಮನವಿ) ಬಳಿ 60 ದಿನಗಳೊಳಗೆ, ಅನಂತರ ಕಸ್ಟಮ್ಸ್, ಅಬಕಾರಿ ಮತ್ತು ಸೇವಾ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಗೆ ಮೂರು ತಿಂಗಳೊಳಗೆ ಹೋಗಬೇಕು. ಮೊದಲ ಹಂತದಲ್ಲಿ ವಿವಾದಿತ ಸುಂಕದ ಶೇ 7.5, ಎರಡನೆಯದರಲ್ಲಿ ಶೇ 10 ಮುಂಗಡ ಠೇವಣಿ ಕಡ್ಡಾಯ. ಠೇವಣಿ ಕಟ್ಟಿ ಮೇಲ್ಮನವಿ ಸಲ್ಲಿಸಿದವರಿಂದ ಉಳಿದ ಮೊತ್ತವನ್ನು ಬಲವಂತವಾಗಿ ವಸೂಲು ಮಾಡಬಾರದೆಂದು 2014ರ ಸೆಪ್ಟೆಂಬರ್ ಸುತ್ತೋಲೆ ಹೇಳಿದೆ. ವರ್ತಕರಿಗೆ ನಿಜವಾದ ರಕ್ಷಣೆ ಇದು. ಅಲ್ಲಿಂದ ಮುಂದಿನ ಮೇಲ್ಮನವಿಯೂ ಮೂಲ ಆದೇಶ ಹೊರಡಿಸಿದ ಅಧಿಕಾರಿ ಇರುವ ರಾಜ್ಯದ ಹೈಕೋರ್ಟಿಗೇ ಎಂಬುದು ಅಂಬಿಕಾ ಇಂಡಸ್ಟ್ರೀಸ್ ಪ್ರಕರಣದ (2007) ತೀರ್ಪಿನ ಸಾರ. ಸುಂಕದ ದರ ಅಥವಾ ಸರಕಿನ ಮೌಲ್ಯದ ಪ್ರಶ್ನೆಯಾದರೆ ಮಾತ್ರ ನ್ಯಾಯಮಂಡಳಿಯಿಂದ ನೇರವಾಗಿ ಸುಪ್ರೀಂ ಕೋರ್ಟಿಗೆ.

ಸರಿಯಾದ ನ್ಯಾಯಾಲಯಕ್ಕೆ ಹೋದರೂ ಖಾತರಿಗೆ ತಡೆ ಸಿಗುವುದು ಕಷ್ಟವೇ. ಅದು ಬ್ಯಾಂಕ್ ಮತ್ತು ಇಲಾಖೆಯ ನಡುವಣ ಪ್ರತ್ಯೇಕ ಕರಾರು. ಘೋರ ವಂಚನೆ ಅಥವಾ ಸರಿಪಡಿಸಲಾಗದ ಹಾನಿ ತೋರಿಸಿದರೆ ಮಾತ್ರ ನ್ಯಾಯಾಲಯಗಳು ಸಾಮಾನ್ಯವಾಗಿ ಮಧ್ಯಪ್ರವೇಶಿಸುತ್ತವೆ.

ವಿಪರ್ಯಾಸವೆಂದರೆ, ವಸೂಲಿಗೆ ಇಂಥ ಗಡಿಯಿಲ್ಲ. ಕಸ್ಟಮ್ಸ್ ಕಾಯ್ದೆಯ 142ನೇ ಕಲಮಿನಡಿ ಅಧಿಕಾರಿ ಪ್ರಮಾಣಪತ್ರ ಕಳುಹಿಸಿದರೆ, ಬಾಕಿದಾರ ವಾಸಿಸುವ ಅಥವಾ ಆಸ್ತಿ ಹೊಂದಿರುವ ಜಿಲ್ಲೆಯ ಜಿಲ್ಲಾಧಿಕಾರಿ ಬಾಕಿಯನ್ನು ಭೂಕಂದಾಯದಂತೆ ವಸೂಲು ಮಾಡಬಹುದು. ಚೆನ್ನೈನ ಆದೇಶ ಶಿವಮೊಗ್ಗದ ಕಚೇರಿಯ ಮೂಲಕ ಹೊಸನಗರದ ಅಡಿಕೆ ತೋಟವನ್ನು ತಲುಪಬಲ್ಲುದು.

ಸರಕು ಪಣಂಬೂರಿನ ನವಮಂಗಳೂರು ಬಂದರಿಗೆ ಬಂದು, ಅಲ್ಲಿಯೇ ಆದೇಶವಾಗಿದ್ದರೆ ಈ ತೊಡಕಿಲ್ಲ. ಶಿವಮೊಗ್ಗ, ದಕ್ಷಿಣ ಕನ್ನಡ ಎರಡೂ ಹೈಕೋರ್ಟಿನ ಬೆಂಗಳೂರು ಪ್ರಧಾನ ಪೀಠಕ್ಕೆ ಸೇರುತ್ತವೆ. ಸಾಗರದ ಪಕ್ಕದ ಸಿದ್ದಾಪುರದವರಿಗೆ ಮಾತ್ರ ಧಾರವಾಡ ಪೀಠ.